ಮಗುವಿನ ಬಿಎಂಐ: ಅಳೆಯುವುದು ಹೇಗೆ, ಓದುವುದು ಹೇಗೆ

ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವ ಸಂಖ್ಯೆ, 18.5 ಅಂತ ಬಂದಿದೆ ಎಂದುಕೊಳ್ಳಿ. ಇದು ಸರಿಯಾದ ತೂಕವೋ, ಅಲ್ಲವೋ?

6 ವರ್ಷದ ಹುಡುಗನದ್ದಾದರೆ ಅವನು ಬೊಜ್ಜಿನ ಗಡಿಗೆ ಬಂದು ನಿಂತಿದ್ದಾನೆ. 10 ವರ್ಷದವನದ್ದಾದರೆ ಸಾಮಾನ್ಯ ತೂಕ ಮುಗಿದು ಹೆಚ್ಚು ತೂಕ ಶುರುವಾಗುವ ಗೆರೆಯ ಮೇಲಿದ್ದಾನೆ. 15 ವರ್ಷದವನದ್ದಾದರೆ ಯೋಚನೆ ಬೇಡ, ಸರಿಯಾಗಿಯೇ ಇದ್ದಾನೆ. ಅದೇ 18.5 ಅವನ ಅಪ್ಪನದ್ದಾದರೆ? ದೊಡ್ಡವರ ಲೆಕ್ಕದಲ್ಲಿ ಅದಕ್ಕಿಂತ ಇಳಿದರೆ ಕಡಿಮೆ ತೂಕ. ಅಂದರೆ ಅಪ್ಪ ತೀರಾ ಸಣ್ಣಗಾಗುವ ಅಂಚಿನಲ್ಲಿದ್ದಾನೆ.

ಒಂದೇ ಸಂಖ್ಯೆಗೆ ನಾಲ್ಕು ಅರ್ಥ. ಇದು ಗೊತ್ತಿಲ್ಲದೆ ದೊಡ್ಡವರ ಬಿಎಂಐ ಕ್ಯಾಲ್ಕುಲೇಟರ್‌ಗೆ ಮಗುವಿನ ಎತ್ತರ, ತೂಕ ಹಾಕುವವರು ತುಂಬಾ ಜನ ಇದ್ದಾರೆ. ಚೆನ್ನಾಗಿ ಬೆಳೆಯುತ್ತಿರುವ 8 ವರ್ಷದ ಮಗುವಿಗೂ ಅದು ‘ಕಡಿಮೆ ತೂಕ’ ಅಂತಲೇ ತೋರಿಸುತ್ತದೆ. ಹಸಿವಿಲ್ಲದ ಮಗುವಿಗೆ ಒತ್ತಾಯದಿಂದ ತಿನ್ನಿಸುವುದು ಎಷ್ಟೋ ಮನೆಗಳಲ್ಲಿ ಇಂಥ ತಪ್ಪು ಓದಿನಿಂದ ಶುರುವಾಗುತ್ತದೆ. ಅದಕ್ಕೇ ಈ ಲೇಖನ. ಅಳೆಯುವುದರಿಂದ ಹಿಡಿದು ವೈದ್ಯರ ಹತ್ತಿರ ಹೋಗುವವರೆಗೆ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮಕ್ಕಳ ಲೆಕ್ಕ ಯಾಕೆ ಬೇರೆ?

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರವನ್ನು ಕೊಟ್ಟವರು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟಲೆ. ಅದು 1830ರ ದಶಕದ ಮಾತು. ಅವರು ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನ ಅಳತೆಗಳನ್ನು, ಕಾಯಿಲೆಯನ್ನಲ್ಲ. 1972ರಲ್ಲಿ ಅಮೆರಿಕದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಅದೇ ಸೂತ್ರಕ್ಕೆ ಬಿಎಂಐ ಎಂಬ ಹೆಸರು ಕೊಟ್ಟರು. ಅವರು ಅಧ್ಯಯನ ಮಾಡಿದ್ದೂ ದೊಡ್ಡ ಗಂಡಸರನ್ನು. ದೊಡ್ಡವರ ಎತ್ತರ ಬದಲಾಗುವುದಿಲ್ಲ. ಹಾಗಾಗಿ 18.5, 25, 30 ಎಂಬ ಗಡಿಗಳನ್ನು ಎಲ್ಲ ವಯಸ್ಸಿಗೂ ಇಟ್ಟರೆ ನಡೆಯುತ್ತದೆ.

ಮಕ್ಕಳಲ್ಲಿ ಹಾಗಲ್ಲ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಬಿಎಂಐ ಬೇಗ ಏರುತ್ತದೆ. ತುಂಬಿದ ಕೆನ್ನೆ, ಮಡಿಕೆ ಬಿದ್ದ ತೊಡೆ ಎಲ್ಲ ಆಗಿನದ್ದು. ಆಮೇಲೆ ಇಳಿಯುವುದಕ್ಕೆ ಶುರುವಾಗುತ್ತದೆ. ಮಗು ನಡೆಯುತ್ತದೆ, ಓಡುತ್ತದೆ, ಉದ್ದವಾಗುತ್ತದೆ. 5–6 ವರ್ಷದ ಹೊತ್ತಿಗೆ ಬಿಎಂಐ ತೀರಾ ಕೆಳಗಿನ ಮಟ್ಟ ಮುಟ್ಟುತ್ತದೆ. ‘ಮೊದಲು ಗುಂಡುಗುಂಡಗಿತ್ತು, ಈಗ ಸೊರಗಿಹೋಗಿದೆ’ ಅಂತ ಮನೆಯವರು ಗಾಬರಿಯಾಗುವುದು ಇದೇ ವಯಸ್ಸಿನಲ್ಲಿ. ಹೆಚ್ಚಿನ ಮಕ್ಕಳಲ್ಲಿ ಅದು ಸೊರಗುವುದಲ್ಲ, ದೇಹ ಹಾಗೇ ಬೆಳೆಯಬೇಕು. ಅಲ್ಲಿಂದ ಮುಂದೆ ಬಿಎಂಐ ಮತ್ತೆ ನಿಧಾನವಾಗಿ ಏರುತ್ತಾ ಹದಿಹರೆಯ ಮುಗಿಯುವವರೆಗೂ ಹೋಗುತ್ತದೆ.

ಈ ಮರು ಏರಿಕೆ ಯಾವಾಗ ಶುರುವಾಯಿತು ಎಂಬುದನ್ನೂ ವೈದ್ಯರು ಗಮನಿಸುತ್ತಾರೆ. 3–4 ವರ್ಷಕ್ಕೇ ಏರಲು ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜು ಬರುವ ಸಾಧ್ಯತೆ ಜಾಸ್ತಿ. ಆದ್ದರಿಂದ ಮಗುವಿನ ಬಿಎಂಐ ನೋಡುವಾಗ ವಯಸ್ಸು ಬೇಕೇ ಬೇಕು. ಗಂಡೋ ಹೆಣ್ಣೋ ಎಂಬುದೂ ಬೇಕು, ಯಾಕೆಂದರೆ ಇಬ್ಬರ ಮೈ ತುಂಬಿಕೊಳ್ಳುವ ಕಾಲ, ರೀತಿ ಬೇರೆ ಬೇರೆ.

ಮೊದಲ ಹೆಜ್ಜೆ: ಎತ್ತರವನ್ನು ಸರಿಯಾಗಿ ಅಳೆಯಿರಿ

ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲೇ. ಎತ್ತರವನ್ನು ಸೂತ್ರದಲ್ಲಿ ಎರಡು ಸಲ ಗುಣಿಸುವುದರಿಂದ ಚಿಕ್ಕ ತಪ್ಪೂ ದೊಡ್ಡದಾಗುತ್ತದೆ. ಒಂದು ಉದಾಹರಣೆ ನೋಡಿ. 6 ವರ್ಷದ ಹುಡುಗ, ತೂಕ 22 ಕಿಲೋ, ಎತ್ತರ 116 ಸೆಂಟಿಮೀಟರ್. ಬಿಎಂಐ 16.3 ಬರುತ್ತದೆ. ಆ ವಯಸ್ಸಿಗೆ ಇದು ಸಾಮಾನ್ಯ. ಮಗು ಸ್ವಲ್ಪ ಬಾಗಿ ನಿಂತು ಎತ್ತರ 114 ಅಂತ ಬರೆದುಕೊಂಡರೆ? ಬಿಎಂಐ 16.9. ಹೆಚ್ಚು ತೂಕದ ಗೆರೆ ಇರುವುದು 16.8ರಲ್ಲಿ. ಎರಡೇ ಎರಡು ಸೆಂಟಿಮೀಟರ್‌ಗೆ ಮಗು ಇನ್ನೊಂದು ಗುಂಪಿಗೆ ಸೇರಿಬಿಟ್ಟಿತು, ಅಲ್ವಾ?

ಹಾಗಾಗಿ ನಿಧಾನವಾಗಿ ಮಾಡಿ. ಚಪ್ಪಲಿ, ಶೂ, ಸಾಕ್ಸ್ ತೆಗೆಸಿ. ತಲೆಯ ಮೇಲೆ ಜುಟ್ಟು, ಕ್ಲಿಪ್ಪು, ಹೇರ್‌ಬ್ಯಾಂಡ್ ಇದ್ದರೆ ಅದೂ ಬೇಡ. ನೆಲ ಗಟ್ಟಿಯಾಗಿ, ಸಮತಟ್ಟಾಗಿರಬೇಕು, ಜಮಖಾನೆ ಹಾಸಿದ ಜಾಗ ಆಗುವುದಿಲ್ಲ. ಬುಡದಲ್ಲಿ ಪಟ್ಟಿ ಉಬ್ಬಿಕೊಂಡಿರುವ ಗೋಡೆ ಬಿಟ್ಟು ನೇರವಾದ ಗೋಡೆ ಅಥವಾ ಬಾಗಿಲಿನ ಚೌಕಟ್ಟು ಆರಿಸಿಕೊಳ್ಳಿ. ಮಗು ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ. ಹಿಮ್ಮಡಿ, ಪೃಷ್ಠ, ಭುಜ, ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ಮೈಕಟ್ಟಿನಿಂದಾಗಿ ನಾಲ್ಕೂ ತಾಗದಿದ್ದರೆ ಬಲವಂತ ಮಾಡಬೇಡಿ, ನೇರವಾಗಿ ನಿಂತರೆ ಸಾಕು. ಮೊಣಕಾಲು ಮಡಚಿರಬಾರದು. ನೋಟ ನೇರ ಮುಂದಕ್ಕೆ. ಗಲ್ಲ ಎತ್ತಿದರೂ ತಪ್ಪು, ತಗ್ಗಿಸಿದರೂ ತಪ್ಪು. ಕಣ್ಣಿನ ಕೆಳಗಿನ ಅಂಚು ಮತ್ತು ಕಿವಿಯ ರಂಧ್ರ ಒಂದೇ ಮಟ್ಟದಲ್ಲಿದ್ದರೆ ತಲೆ ಸರಿಯಾಗಿದೆ ಎಂದರ್ಥ.

ಈಗ ದಪ್ಪ ರಟ್ಟಿನ ಪುಸ್ತಕವೊಂದನ್ನು ತಗೊಳ್ಳಿ. ಅದರ ಒಂದು ಅಂಚು ಗೋಡೆಗೆ ಒತ್ತಿರಲಿ, ಇನ್ನೊಂದು ತಲೆಯ ಮೇಲೆ ಕೂದಲು ಒತ್ತುವ ಹಾಗೆ ಕೂರಲಿ. ಪುಸ್ತಕದ ಕೆಳಗೆ ಗೋಡೆಯಲ್ಲಿ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಗುರುತಿನವರೆಗೆ ಲೋಹದ ಟೇಪಿನಿಂದ ಅಳೆಯಿರಿ. ಹೊಲಿಗೆಗೆ ಬಳಸುವ ಬಟ್ಟೆಯ ಟೇಪು ಎಳೆದರೆ ಹಿಗ್ಗುತ್ತದೆ, ಅದು ಬೇಡ. ಮಗುವನ್ನು ಪಕ್ಕಕ್ಕೆ ಕಳಿಸಿ, ಮತ್ತೆ ನಿಲ್ಲಿಸಿ, ಇನ್ನೊಂದು ಸಲ ಅಳೆಯಿರಿ. ಎರಡರ ನಡುವೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲವೂ ಅಳೆಯುವುದು ಒಳ್ಳೆಯದು. ಮಿಲಿಮೀಟರ್‌ವರೆಗೂ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಬೆಳಿಗ್ಗೆ ಎದ್ದಾಗಿನ ಎತ್ತರ ಸಂಜೆಗೆ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಕಡಿಮೆಯಾಗುತ್ತದೆ, ದಿನವಿಡೀ ನಿಂತು ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಳ್ಳುತ್ತವೆ. ಪ್ರತಿ ಸಲ ಒಂದೇ ಹೊತ್ತಿನಲ್ಲಿ ಅಳೆದರೆ ಈ ಗೊಂದಲ ಇರುವುದಿಲ್ಲ.

2 ವರ್ಷದೊಳಗಿನ ಕೂಸನ್ನು ಮಲಗಿಸಿ ಉದ್ದ ಅಳೆಯುತ್ತಾರೆ. ಅದಕ್ಕೆ ಅಳತೆ ಹಲಗೆ ಬೇಕು, ಇಬ್ಬರು ಹಿಡಿದುಕೊಳ್ಳಬೇಕು. ಮನೆಯಲ್ಲಿ ಮಾಡಲು ಹೋಗಬೇಡಿ, ಲಸಿಕೆಗೆ ಹೋದಾಗ ಅಲ್ಲೇ ಮಾಡಿಸಿಕೊಳ್ಳಿ. ಮಲಗಿಸಿ ಅಳೆದ ಉದ್ದ ನಿಂತ ಎತ್ತರಕ್ಕಿಂತ ಸುಮಾರು 0.7 ಸೆಂಟಿಮೀಟರ್ ಜಾಸ್ತಿ ಇರುತ್ತದೆ. 2 ವರ್ಷ ತುಂಬುವ ಹೊತ್ತಿಗೆ ಒಂದು ವಿಧಾನದಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ‘ಮಗು ಕುಗ್ಗಿತಾ’ ಅನ್ನಿಸಿದರೆ ಕಾರಣ ಇದೇ. ಇಷ್ಟು ಚಿಕ್ಕ ಮಕ್ಕಳಲ್ಲಿ ಬಿಎಂಐ ಬದಲು ಉದ್ದಕ್ಕೆ ತಕ್ಕ ತೂಕ ಇದೆಯಾ ಎಂದು ನೋಡುವುದು ರೂಢಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆದು ಲೆಕ್ಕ ಹಾಕಬೇಕು. 2 ವರ್ಷದವರೆಗೆ ಹೀಗೆ ಮಾಡುತ್ತಾರೆ.

ಎರಡನೇ ಹೆಜ್ಜೆ: ತೂಕ

ಇದು ಸುಲಭ. ಡಿಜಿಟಲ್ ಯಂತ್ರವನ್ನು ಗಟ್ಟಿ ನೆಲದ ಮೇಲಿಡಿ. ಮಗು ತೆಳು ಬಟ್ಟೆಯಲ್ಲಿರಲಿ, ಜೇಬು ಖಾಲಿ ಇರಲಿ, ಶೌಚ ಮುಗಿಸಿರಲಿ. ಯಂತ್ರದ ನಡುವೆ ಎರಡೂ ಕಾಲು ಊರಿ ಅಲುಗಾಡದೆ ನಿಲ್ಲಬೇಕು. 100 ಗ್ರಾಂವರೆಗೆ ಬರೆದುಕೊಳ್ಳಿ. ಪ್ರತಿ ಸಲ ಅದೇ ಯಂತ್ರ ಬಳಸಿ. ಬೇರೆ ಬೇರೆ ಯಂತ್ರಗಳ ನಡುವೆ ಅರ್ಧ ಕಿಲೋ, ಒಂದು ಕಿಲೋ ವ್ಯತ್ಯಾಸ ಬರುವುದು ಸಾಮಾನ್ಯ. ಚಿಕ್ಕ ಮಗುವಿನ ಲೆಕ್ಕದಲ್ಲಿ ಒಂದು ಕಿಲೋ ಅಂದರೆ ಸಣ್ಣದಲ್ಲ.

ಎಷ್ಟು ದಿನಕ್ಕೊಮ್ಮೆ ತೂಕ ನೋಡಬೇಕು? ಶಾಲೆಗೆ ಹೋಗುವ, ಆರೋಗ್ಯವಾಗಿರುವ ಮಗುವಿಗೆ ಮೂರು ತಿಂಗಳಿಗೊಮ್ಮೆ ಸಾಕು. ವಾರ ವಾರ ಯಂತ್ರದ ಮೇಲೆ ಹತ್ತಿಸಬೇಡಿ. ನೀರು, ಊಟ, ಮಲವಿಸರ್ಜನೆಯಿಂದಲೇ ತೂಕ ಮೇಲೆ ಕೆಳಗೆ ಆಗುತ್ತಿರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ, ಮಗುವಿನ ತಲೆಯಲ್ಲಿ ಮಾತ್ರ ಭಯ ಕೂರುತ್ತದೆ.

ಮೂರನೇ ಹೆಜ್ಜೆ: ಲೆಕ್ಕ

ಎತ್ತರವನ್ನು ಮೀಟರ್‌ಗೆ ತನ್ನಿ. ಅದನ್ನು ಅದರಿಂದಲೇ ಗುಣಿಸಿ. ತೂಕದ ಕಿಲೋವನ್ನು ಆ ಸಂಖ್ಯೆಯಿಂದ ಭಾಗಿಸಿ.

10 ವರ್ಷದ ಮಗು, 138 ಸೆಂಟಿಮೀಟರ್, 32 ಕಿಲೋ. 1.38 × 1.38 = 1.9044. 32 ÷ 1.9044 = 16.8. ಇಷ್ಟೇ. ಇದಕ್ಕೆ ಇನ್ನೂ ಅರ್ಥ ಇಲ್ಲ. ಅರ್ಥ ಬರುವುದು ಮುಂದಿನ ಹೆಜ್ಜೆಯಲ್ಲಿ.

ನಾಲ್ಕನೇ ಹೆಜ್ಜೆ: ಚಾರ್ಟ್‌ನಲ್ಲಿ ಗುರುತು ಹಾಕಿ

ಗ್ರೋತ್ ಚಾರ್ಟ್ ಎಂದರೆ ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಬಿಎಂಐ ಇರುವ ನಕ್ಷೆ. ಅದರಲ್ಲಿ ಬಾಗಿದ ಗೆರೆಗಳಿರುತ್ತವೆ. ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಹಾಳೆ.

ಹೆಚ್ಚು ಬಳಕೆಯಲ್ಲಿರುವುದು ಎರಡು ಸೆಟ್. ಒಂದು ವಿಶ್ವ ಆರೋಗ್ಯ ಸಂಸ್ಥೆಯದ್ದು. 5 ವರ್ಷದವರೆಗಿನ ಚಾರ್ಟ್ 2006ರಲ್ಲಿ ಬಂತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆದು ಅದನ್ನು ತಯಾರಿಸಿದರು. ಎದೆಹಾಲು ಕುಡಿದು, ಒಳ್ಳೆಯ ಆರೈಕೆ ಸಿಕ್ಕ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬುದು ಅದರಲ್ಲಿದೆ. 5ರಿಂದ 19 ವರ್ಷದವರ ಚಾರ್ಟ್ 2007ರದ್ದು. ಇನ್ನೊಂದು ಸೆಟ್ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯದ್ದು, 2000ದಲ್ಲಿ ಬಂದದ್ದು, 2 ವರ್ಷ ದಾಟಿದವರಿಗೆ. ಕೆಲವು ದೇಶಗಳು ತಮ್ಮದೇ ಚಾರ್ಟ್ ಮಾಡಿಕೊಂಡಿವೆ. ನಿಮ್ಮ ವೈದ್ಯರು ಯಾವುದನ್ನು ಬಳಸುತ್ತಾರೋ ಅದನ್ನೇ ನೀವೂ ಬಳಸಿ. ಒಂದು ಸಲ ಇದು, ಒಂದು ಸಲ ಅದು ಅಂತ ಮಾಡಿದರೆ ಹೋಲಿಸುವುದಕ್ಕೇ ಬರುವುದಿಲ್ಲ.

ಸಿಡಿಸಿ ಚಾರ್ಟ್‌ನಲ್ಲಿ ಪರ್ಸೆಂಟೈಲ್ ಗೆರೆಗಳಿವೆ. ಒಂದೇ ವಯಸ್ಸಿನ ನೂರು ಹುಡುಗಿಯರನ್ನು ಬಿಎಂಐ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳು ಎಷ್ಟನೆಯವಳು ಎಂಬುದು ಆಕೆಯ ಪರ್ಸೆಂಟೈಲ್. 70 ಎಂದರೆ ಸುಮಾರು 70 ಹುಡುಗಿಯರ ಬಿಎಂಐ ಇವಳಿಗಿಂತ ಕಡಿಮೆ. 5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ. 5ರಿಂದ 85ರೊಳಗೆ ಸಾಮಾನ್ಯ. 85ರಿಂದ 95ರೊಳಗೆ ಹೆಚ್ಚು ತೂಕ. 95 ಮತ್ತು ಮೇಲೆ ಬೊಜ್ಜು. ಇಲ್ಲಿ ಒಂದು ಮಾತು ಹೇಳಲೇಬೇಕು. ಇದು ಪರೀಕ್ಷೆಯ ಅಂಕ ಅಲ್ಲ. 50 ಬಂದವಳು 20 ಬಂದವಳಿಗಿಂತ ಮೇಲು ಅಂತ ಏನೂ ಇಲ್ಲ. 5ರಿಂದ 85ರವರೆಗಿನ ಅಷ್ಟೂ ಜಾಗ ಆರೋಗ್ಯದ್ದೇ.

ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನಲ್ಲಿ ನಡುವೆ ಒಂದು ಗೆರೆ, ಅದರ ಮೇಲೆ +1, +2, +3, ಕೆಳಗೆ −1, −2, −3 ಗೆರೆಗಳು. 5 ವರ್ಷ ದಾಟಿದವರಲ್ಲಿ +1 ದಾಟಿದರೆ ಹೆಚ್ಚು ತೂಕ, +2 ದಾಟಿದರೆ ಬೊಜ್ಜು, −2ಕ್ಕಿಂತ ಕೆಳಗೆ ತೆಳು, −3ಕ್ಕಿಂತ ಕೆಳಗೆ ತೀರಾ ತೆಳು. 5 ವರ್ಷದೊಳಗಿನವರಿಗೆ ಗಡಿ ಸ್ವಲ್ಪ ಸಡಿಲ. +2 ದಾಟಿದರೆ ಹೆಚ್ಚು ತೂಕ, +3 ದಾಟಿದರೆ ಬೊಜ್ಜು.

ಅಂದಾಜಿಗೆ ಕೆಲವು ಸಂಖ್ಯೆಗಳನ್ನು ಇಲ್ಲಿ ಕೊಡುತ್ತೇನೆ, ಎಲ್ಲ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟ್‌ನವು:

ಹುಡುಗರು, 6 ವರ್ಷ: ನಡುಗೆರೆ 15.3. ತೆಳು 13.0ಕ್ಕಿಂತ ಕೆಳಗೆ, ಹೆಚ್ಚು ತೂಕ 16.8 ದಾಟಿದರೆ, ಬೊಜ್ಜು 18.5 ದಾಟಿದರೆ.
ಹುಡುಗಿಯರು, 6 ವರ್ಷ: ನಡುಗೆರೆ 15.3. ತೆಳು 12.7, ಹೆಚ್ಚು ತೂಕ 17.0, ಬೊಜ್ಜು 19.2.
ಹುಡುಗರು, 10 ವರ್ಷ: ನಡುಗೆರೆ 16.4. ತೆಳು 13.7, ಹೆಚ್ಚು ತೂಕ 18.5, ಬೊಜ್ಜು 21.4.
ಹುಡುಗಿಯರು, 10 ವರ್ಷ: ನಡುಗೆರೆ 16.6. ತೆಳು 13.5, ಹೆಚ್ಚು ತೂಕ 19.0, ಬೊಜ್ಜು 22.6.
ಹುಡುಗರು, 15 ವರ್ಷ: ನಡುಗೆರೆ 19.8. ತೆಳು 16.0, ಹೆಚ್ಚು ತೂಕ 22.7, ಬೊಜ್ಜು 27.0.
ಹುಡುಗಿಯರು, 15 ವರ್ಷ: ನಡುಗೆರೆ 20.2. ತೆಳು 15.9, ಹೆಚ್ಚು ತೂಕ 23.5, ಬೊಜ್ಜು 28.2.

ಗುರುತು ಹಾಕುವಾಗ ವಯಸ್ಸನ್ನು ತಿಂಗಳ ಸಮೇತ ಹಾಕಿ. ಹತ್ತೂವರೆ ವರ್ಷದ ಮಗುವನ್ನು ಹತ್ತು ಅಂತ ಹಾಕಿದರೆ ಗುರುತು ತಪ್ಪು ಜಾಗದಲ್ಲಿ ಬೀಳುತ್ತದೆ. ಮೇಲಿನ ಉದಾಹರಣೆಯ ಮಗು, 16.8, ಹುಡುಗನಾದರೂ ಹುಡುಗಿಯಾದರೂ ನಡುಗೆರೆಯ ಹತ್ತಿರವೇ ಇದೆ.

ಐದನೇ ಹೆಜ್ಜೆ: ಚುಕ್ಕಿಯನ್ನಲ್ಲ, ದಾರಿಯನ್ನು ನೋಡಿ

ಒಂದು ಚುಕ್ಕಿಯಿಂದ ತಿಳಿಯುವುದು ತುಂಬಾ ಕಡಿಮೆ. ಮೂರು ನಾಲ್ಕು ಚುಕ್ಕಿಗಳಾದ ಮೇಲೆ ಅವನ್ನು ಸೇರಿಸಿ ಗೆರೆ ಎಳೆಯಿರಿ. ಮಗುವಿನ ನಿಜವಾದ ಕತೆ ಇರುವುದು ಆ ಗೆರೆಯಲ್ಲಿ.

ಒಬ್ಬ ಹುಡುಗ ಮೂರು ವರ್ಷದಿಂದ ಪರ್ಸೆಂಟೈಲ್ 15ರ ಪಕ್ಕದಲ್ಲೇ ಸಾಗಿದ್ದಾನೆ ಎಂದುಕೊಳ್ಳಿ. ನೋಡಲು ಸಣ್ಣಗಿದ್ದಾನೆ. ಆದರೆ ಎತ್ತರ ಏರುತ್ತಿದೆ, ಆಡುತ್ತಾನೆ, ಚುರುಕಾಗಿದ್ದಾನೆ. ಅವನ ಮೈಕಟ್ಟೇ ಅದು. ಅಪ್ಪ ಅಮ್ಮನೂ ಸಪೂರ ಇರಬಹುದು. ಅವನಿಗೆ ಏನೂ ಮಾಡಬೇಕಾಗಿಲ್ಲ. ಇನ್ನೊಬ್ಬ ಎರಡು ವರ್ಷದ ಹಿಂದೆ 45ರಲ್ಲಿದ್ದ, ಆಮೇಲೆ 65, ಈಗ 82. ಚಾರ್ಟ್ ಪ್ರಕಾರ ಇವನೂ ‘ಸಾಮಾನ್ಯ’. ಆದರೆ ನನ್ನನ್ನು ಕೇಳಿದರೆ ಗಮನ ಕೊಡಬೇಕಾದ್ದು ಇವನಿಗೇ. ಗೆರೆ ದಾಟುವವರೆಗೆ ಕಾಯುವುದಕ್ಕಿಂತ ಏರಲು ಶುರುವಾದಾಗಲೇ ಮನೆಯ ಊಟ, ಆಟ, ನಿದ್ದೆ ನೋಡಿಕೊಂಡರೆ ಕೆಲಸ ಎಷ್ಟೋ ಸುಲಭ. ಹಾಗೆಯೇ 60ರಲ್ಲಿದ್ದ ಮಗು ಕೆಲವೇ ತಿಂಗಳಲ್ಲಿ 15ಕ್ಕೆ ಇಳಿದರೆ ಅದೂ ‘ಸಾಮಾನ್ಯ’ದೊಳಗೇ ಇದೆ, ಆದರೂ ಕಾರಣ ಹುಡುಕಲೇಬೇಕು.

ಹದಿಹರೆಯದಲ್ಲಿ ಗೆರೆ ಸ್ವಲ್ಪ ಓಲಾಡುತ್ತದೆ. ಮಕ್ಕಳು ವರ್ಷಕ್ಕೆ 5–6 ಸೆಂಟಿಮೀಟರ್ ಬೆಳೆಯುತ್ತಾ ಬಂದು, ಆ ವಯಸ್ಸಿನಲ್ಲಿ ಒಮ್ಮೆಲೇ ಉದ್ದವಾಗುತ್ತಾರೆ. ಹುಡುಗಿಯರು ವರ್ಷಕ್ಕೆ ಸುಮಾರು 8, ಹುಡುಗರು 9–10 ಸೆಂಟಿಮೀಟರ್‌ವರೆಗೂ ಏರಬಹುದು. ಹುಡುಗಿಯರಲ್ಲಿ ಇದು ಸುಮಾರು ಎರಡು ವರ್ಷ ಮೊದಲೇ ಆಗುತ್ತದೆ. ಉದ್ದವಾಗುವ ಮುಂಚೆ ಕೆಲವು ಮಕ್ಕಳು ತುಸು ದಪ್ಪಗಾಗುತ್ತಾರೆ. ಹುಡುಗಿಯರ ಸೊಂಟ, ತೊಡೆಗಳಲ್ಲಿ ಕೊಬ್ಬು ಸೇರುವುದು ಬೆಳವಣಿಗೆಯ ಭಾಗವೇ. ಅದನ್ನು ‘ಕರಗಿಸಲು’ ಹೊರಟರೆ ತೊಂದರೆ ಆಗುವುದು ಮೂಳೆಗೆ, ಮುಟ್ಟಿಗೆ. ಎತ್ತರದ ಚಾರ್ಟನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ.

ಬಿಎಂಐಗೆ ಕಾಣದ್ದು

ಕೊಬ್ಬು ಯಾವುದು, ಸ್ನಾಯು ಯಾವುದು ಎಂಬುದು ಬಿಎಂಐಗೆ ಗೊತ್ತಾಗುವುದಿಲ್ಲ. ದಿನಾ ಕುಸ್ತಿಯನ್ನೋ ಈಜನ್ನೋ ಅಭ್ಯಾಸ ಮಾಡುವ ಹದಿಹರೆಯದವನ ಬಿಎಂಐ ಮೇಲಿದ್ದರೂ ಮೈಯಲ್ಲಿ ಕೊಬ್ಬು ಕಡಿಮೆ ಇರಬಹುದು. ಇದಕ್ಕೆ ತದ್ವಿರುದ್ಧವಾದದ್ದು ಇನ್ನೂ ಸುಲಭವಾಗಿ ಕಣ್ತಪ್ಪುತ್ತದೆ. ವರ್ಷಗಟ್ಟಲೆ ಪೌಷ್ಟಿಕ ಊಟ ಸಿಗದೆ ಕುಳ್ಳಾಗಿಯೇ ಉಳಿದ ಮಗುವಿನ ಬಿಎಂಐ ಸರಿಯಾಗಿ ಕಾಣಬಹುದು. ತೂಕವೂ ಕಡಿಮೆ, ಎತ್ತರವೂ ಕಡಿಮೆ, ಭಾಗಿಸಿದರೆ ಲೆಕ್ಕ ಹೊಂದಿಕೊಂಡುಬಿಡುತ್ತದೆ. ಅದಕ್ಕೇ ಬಿಎಂಐ ಒಂದನ್ನೇ ನೋಡಬೇಡಿ. ವಯಸ್ಸಿಗೆ ತಕ್ಕ ಎತ್ತರ ಇದೆಯಾ ಎಂದು ಯಾವಾಗಲೂ ನೋಡಿ.

5 ವರ್ಷ ದಾಟಿದ ಮಕ್ಕಳಲ್ಲಿ ಹೊಟ್ಟೆಯ ಸುತ್ತಳತೆಯೂ ಉಪಯೋಗಕ್ಕೆ ಬರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ಮಧ್ಯದಲ್ಲಿ ಟೇಪು ಸುತ್ತಿ. ಮಗು ಸಹಜವಾಗಿ ಉಸಿರು ಬಿಟ್ಟಾಗ ಓದಿ. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. 130 ಸೆಂಟಿಮೀಟರ್ ಎತ್ತರದ ಮಗುವಿಗೆ 65ರ ಒಳಗೆ. ಹೊಟ್ಟೆಯೊಳಗೆ ಸೇರುವ ಕೊಬ್ಬು ಸಕ್ಕರೆ ಕಾಯಿಲೆಗೆ, ಯಕೃತ್ತಿನ ತೊಂದರೆಗೆ ಹತ್ತಿರದ ನೆಂಟ. ಹಾಗಾಗಿ ಈ ಅಳತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಡೌನ್ ಸಿಂಡ್ರೋಮ್‌ನಂಥ ಸ್ಥಿತಿ ಇರುವ ಮಕ್ಕಳಿಗೆ ಬೇರೆ ಚಾರ್ಟ್‌ಗಳಿವೆ. ಅವರ ವೈದ್ಯರನ್ನು ಕೇಳಿ.

ಗೆರೆ ಮೇಲಕ್ಕೆ ಹೋಗುತ್ತಿದ್ದರೆ

ಮೊದಲ ಸಮಾಧಾನದ ವಿಷಯ: ಹೆಚ್ಚಿನ ಮಕ್ಕಳ ತೂಕವನ್ನು ಇಳಿಸಬೇಕಾಗಿಲ್ಲ. ಏರುವ ವೇಗ ನಿಧಾನವಾದರೆ ಸಾಕು. ಎತ್ತರ ಏರುತ್ತಲೇ ಇರುತ್ತದಲ್ಲ, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. 10 ವರ್ಷದ ಹುಡುಗ, 138 ಸೆಂಟಿಮೀಟರ್, 40 ಕಿಲೋ. ಬಿಎಂಐ 21.0, ಬೊಜ್ಜಿನ ಗೆರೆಯ ಹತ್ತಿರ. ಒಂದು ವರ್ಷ ಅವನ ತೂಕ 40ರಲ್ಲೇ ನಿಂತು, ಎತ್ತರ 143.5 ಆದರೆ ಬಿಎಂಐ 19.4ಕ್ಕೆ ಬರುತ್ತದೆ. 11 ವರ್ಷಕ್ಕೆ ಹೆಚ್ಚು ತೂಕದ ಗೆರೆ ಇರುವುದು 19.2ರಲ್ಲಿ. ಒಂದು ಗ್ರಾಂ ಕೂಡ ಇಳಿಯದೆ ಅವನು ಸಾಮಾನ್ಯ ತೂಕದ ಬಾಗಿಲಿಗೆ ಬಂದ. ಈ ಅನುಕೂಲ ದೊಡ್ಡವರಿಗಿಲ್ಲ.

ಆದ್ದರಿಂದ ಡಯಟ್, ಉಪವಾಸ, ತೂಕ ಇಳಿಸುವ ಪುಡಿ, ಇವು ಯಾವುದೂ ಬೇಡ. ವೈದ್ಯರು ಹೇಳದೆ ಮಗುವಿನ ಊಟ ಕತ್ತರಿಸಬೇಡಿ.

ಬದಲಾಗಬೇಕಾದದ್ದು ಇಡೀ ಮನೆ. ದಪ್ಪಗಿರುವ ಮಗುವಿಗೊಂದು ತಟ್ಟೆ, ಸಣ್ಣಗಿರುವ ತಮ್ಮನಿಗೊಂದು ತಟ್ಟೆ ಮಾಡಿದರೆ ಆ ಮಗುವಿನ ಮನಸ್ಸಿಗೆ ಏನಾಗುತ್ತದೆ ಯೋಚಿಸಿ. ಎಲ್ಲರಿಗೂ ಒಂದೇ ಊಟ ಇರಲಿ. ಏನು ಊಟ, ಯಾವ ಹೊತ್ತಿಗೆ, ಎಲ್ಲಿ ಕೂತು ಎಂಬುದನ್ನು ದೊಡ್ಡವರು ನಿರ್ಧರಿಸಲಿ. ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೇ ಬಿಡಿ. ‘ತಟ್ಟೆ ಖಾಲಿ ಮಾಡು’ ಅಂತ ಒತ್ತಾಯಿಸುತ್ತಾ ಹೋದರೆ ಹೊಟ್ಟೆ ತುಂಬಿತು ಎಂಬ ಸೂಚನೆಯನ್ನೇ ಮಗು ಕೇಳಿಸಿಕೊಳ್ಳುವುದು ಬಿಡುತ್ತದೆ. ಟಿವಿ, ಮೊಬೈಲ್ ಮುಂದೆ ತಿನ್ನುವಾಗಲೂ ಅದೇ ಆಗುವುದು. ಬಹುಮಾನಕ್ಕೆ ಸಿಹಿ ಕೊಡುವ ಅಭ್ಯಾಸವನ್ನೂ ಬಿಡುವುದು ಒಳ್ಳೆಯದು.

ಒಂದನ್ನು ಮಾತ್ರ ಬದಲಿಸಲು ಸಾಧ್ಯ ಅಂದರೆ ಕುಡಿಯುವುದನ್ನು ಬದಲಿಸಿ. ಸಕ್ಕರೆ ಹಾಕಿದ ಪಾನೀಯಗಳಿಂದ ಹೊಟ್ಟೆ ತುಂಬುವುದಿಲ್ಲ, ಕ್ಯಾಲೊರಿ ಮಾತ್ರ ಸೇರುತ್ತದೆ. ಹಣ್ಣಿನ ರಸವೂ ಹಾಗೆಯೇ, ಮನೆಯಲ್ಲಿ ಹಿಂಡಿದ್ದಾದರೂ ಸರಿ. ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಹೇಳಿದ ಮಿತಿ ಹೀಗಿದೆ: 1 ವರ್ಷದವರೆಗೆ ರಸವೇ ಬೇಡ, 1–3 ವರ್ಷಕ್ಕೆ ದಿನಕ್ಕೆ ಸುಮಾರು 120 ಮಿಲಿ, 7 ವರ್ಷ ದಾಟಿದವರಿಗೂ 240 ಮಿಲಿ ಮೀರಬಾರದು. ಹಣ್ಣನ್ನೇ ಕಚ್ಚಿ ತಿಂದರೆ ನಾರೂ ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಬಾಯಾರಿದಾಗ ನೀರು. ಸಕ್ಕರೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು, ದಿನದ ಒಟ್ಟು ಶಕ್ತಿಯಲ್ಲಿ ಅದರ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರಲಿ, 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು.

ಆಟದ ವಿಷಯಕ್ಕೆ ಬಂದರೆ, 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಜೋರಾಗುವಷ್ಟು ಮೈ ದಣಿಸಬೇಕು. ಒಟ್ಟಿಗೇ ಒಂದು ಗಂಟೆ ಆಗಬೇಕೆಂದಿಲ್ಲ. ಓಟ, ಕುಣಿತ, ಸೈಕಲ್, ಹಗ್ಗದಾಟ, ಏನಾದರೂ ಸರಿ. ಶಿಕ್ಷೆಯ ಹಾಗೆ ಮಾಡಿಸಿದರೆ ನಿಲ್ಲುವುದಿಲ್ಲ. 3–4 ವರ್ಷದವರಿಗೆ ದಿನಕ್ಕೆ ಮೂರು ಗಂಟೆ ಓಡಾಟ ಬೇಕು.

ನಿದ್ದೆಯನ್ನು ಜನ ಮರೆತೇಬಿಡುತ್ತಾರೆ. ನಿದ್ದೆ ಕಡಿಮೆಯಾದರೆ ಹಸಿವಿನ ಹಾರ್ಮೋನುಗಳ ತಾಳ ತಪ್ಪುತ್ತದೆ, ಮರುದಿನ ಸಿಹಿ, ಕರಿದದ್ದು ಬೇಕೆನ್ನಿಸುತ್ತದೆ. 3–5 ವರ್ಷಕ್ಕೆ 10–13 ಗಂಟೆ, 6–12 ವರ್ಷಕ್ಕೆ 9–12 ಗಂಟೆ, 13–18 ವರ್ಷಕ್ಕೆ 8–10 ಗಂಟೆ ನಿದ್ದೆ ಬೇಕು. ಮಲಗುವ ಕೋಣೆಗೆ ಮೊಬೈಲ್ ಹೋಗದಿದ್ದರೆ ಅರ್ಧ ಕೆಲಸ ಆದ ಹಾಗೆ.

ಇನ್ನು ಮಾತು. ಡುಮ್ಮ, ಡುಮ್ಮಿ, ಕಡ್ಡಿ, ಪ್ರೀತಿಯಿಂದ ಕರೆದರೂ ಬೇಡ. ನೆಂಟರು ಕರೆದರೆ ಮಗುವಿನ ಎದುರೇ ಮೆತ್ತಗೆ ತಡೆಯಿರಿ. ತೂಕದ ಬಗ್ಗೆ ಮನೆಯಲ್ಲಿ ಚುಚ್ಚುಮಾತು ಕೇಳಿ ಬೆಳೆದ ಮಕ್ಕಳಲ್ಲಿ ಊಟ ಬಿಡುವುದು, ಕದ್ದು ತಿನ್ನುವುದು, ತಿಂದು ವಾಂತಿ ಮಾಡುವುದು ಜಾಸ್ತಿ ಕಾಣುತ್ತದೆ. ಅವಮಾನದಿಂದ ಯಾವ ಮಗುವೂ ಸಣ್ಣಗಾಗುವುದಿಲ್ಲ. ‘ನೀನು ದಪ್ಪಗಾಗಿದ್ದೀಯ, ಅದಕ್ಕೆ ಇದು ಬೇಡ’ ಅನ್ನುವ ಬದಲು ‘ನಾವೆಲ್ಲ ಇನ್ನು ಮೇಲೆ ಮನೆಯಲ್ಲಿ ನೀರೇ ಕುಡಿಯೋಣ’ ಅನ್ನಿ. ಮಗುವೇ ಬಂದು ‘ಅಮ್ಮಾ, ನಾನು ದಪ್ಪ ಇದ್ದೀನಾ?’ ಅಂತ ಕೇಳಿದರೆ ಸುಮ್ನೆ ‘ಇಲ್ಲಪ್ಪ’ ಎಂದು ಮಾತು ಮುಗಿಸಬೇಡಿ. ಯಾರು ಏನಂದರು ಅಂತ ಮೊದಲು ಕೇಳಿ.

ಗೆರೆ ಕೆಳಕ್ಕೆ ಇಳಿಯುತ್ತಿದ್ದರೆ

ಚೆನ್ನಾಗಿ ತಿಂದರೂ ತೂಕ ಏರದಿರುವುದು, ಆಗಾಗ ಭೇದಿ, ಹೊಟ್ಟೆ ಉಬ್ಬರ, ಬಿಟ್ಟು ಬಿಟ್ಟು ಜ್ವರ, ವಾರಗಟ್ಟಲೆ ಕೆಮ್ಮು, ಇವಿದ್ದರೆ ಟಾನಿಕ್ ತಂದು ಕಾಯಬೇಡಿ. ಜಂತುಹುಳು, ಕ್ಷಯ, ಥೈರಾಯ್ಡ್, ಗೋಧಿಯ ಅಂಟು ಸೇರದ ಸೀಲಿಯಾಕ್ ಕಾಯಿಲೆ ಹೀಗೆ ಕಾರಣ ಹಲವಿರಬಹುದು, ಪರೀಕ್ಷೆಯಿಂದಲೇ ತಿಳಿಯಬೇಕು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ಮೇಲ್ತೋಳಿನ ನಡುವಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ತಡಮಾಡದೆ ಚಿಕಿತ್ಸೆ ಬೇಕು. ಹದಿಹರೆಯದವರು ಊಟ ತಪ್ಪಿಸುತ್ತಿದ್ದರೆ, ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ಶುರುವಾಗಿದ್ದ ಮುಟ್ಟು ನಿಂತರೆ, ತೂಕ ಚಾರ್ಟ್‌ನಲ್ಲಿ ಸರಿಯಿದ್ದರೂ ವೈದ್ಯರಿಗೆ ಹೇಳಿ.

ವೈದ್ಯರ ಹತ್ತಿರ ಯಾವಾಗ, ಏನು ತಗೊಂಡು?

ಬಿಎಂಐ ಬರೀ ಒಂದು ಸೂಚನೆ. ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಗೆರೆ ಬೊಜ್ಜಿನ ಅಥವಾ ತೆಳುತನದ ಗಡಿ ದಾಟಿದರೆ, ಇಲ್ಲವೇ ಬೇಗ ಬೇಗ ಮೇಲೆ ಕೆಳಗೆ ಆದರೆ ಒಮ್ಮೆ ತೋರಿಸಿ.

ಕೆಲವು ಲಕ್ಷಣಗಳಿಗೆ ಚಾರ್ಟ್ ನೋಡುತ್ತಾ ಕೂರಬಾರದು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪವಾಗುವುದು ಒಂದು. ಕೊಳೆ ಅಂದುಕೊಂಡು ಉಜ್ಜಿ ಉಜ್ಜಿ ತೊಳೆಯುತ್ತಾರೆ, ಅದು ಹೋಗುವುದಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತಾಗಿರಬಹುದು ಅದು. ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ನಿಂತ ಹಾಗಾಗಿ ಬೆಚ್ಚುವುದು ಇನ್ನೊಂದು. ತೂಕ ಏರುತ್ತಿದೆ, ಎತ್ತರ ಮಾತ್ರ ನಿಂತುಹೋಗಿದೆ ಎಂದರೆ ಹಾರ್ಮೋನಿನ ತೊಂದರೆ ಇರಬಹುದು. ಬರೀ ಊಟದಿಂದ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ವಯಸ್ಸಿಗೆ ಉದ್ದವಾಗಿಯೇ ಇರುತ್ತಾರೆ. ಹುಡುಗಿಯರಲ್ಲಿ 8, ಹುಡುಗರಲ್ಲಿ 9 ವರ್ಷದೊಳಗೆ ಪ್ರೌಢತೆಯ ಲಕ್ಷಣ ಕಂಡರೂ ತೋರಿಸಿ. ದಪ್ಪಗಿರುವ ಮಗು ಕುಂಟುತ್ತಾ ಸೊಂಟದ ಕೀಲು, ತೊಡೆ ಅಥವಾ ಮೊಣಕಾಲು ನೋವು ಎಂದರೆ ಅದೇ ದಿನ ಹೋಗಿ. ಸೊಂಟದ ಕೀಲಿನಲ್ಲಿ ಮೂಳೆಯ ತುದಿ ಜಾರಿರಬಹುದು, ಮೊಣಕಾಲು ನೋವಾಗಿಯೂ ಅದು ಕಾಣಿಸಿಕೊಳ್ಳುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಜೊತೆಗೆ ತೂಕ ಇಳಿಯುವುದು ಸಕ್ಕರೆ ಕಾಯಿಲೆಯ ಲಕ್ಷಣ, ಅದಕ್ಕೂ ಅದೇ ದಿನವೇ ಹೋಗಬೇಕು.

ಹೋಗುವಾಗ ಹಳೆಯ ಎತ್ತರ, ತೂಕಗಳನ್ನು ತಾರೀಕಿನ ಸಮೇತ ತಗೊಂಡು ಹೋಗಿ. ಹುಟ್ಟಿದಾಗಿನ ತೂಕ, ಲಸಿಕೆ ಕಾರ್ಡು, ಅಪ್ಪ ಅಮ್ಮನ ಎತ್ತರ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಇದೆ ಎಂಬುದು, ಮಗು ತಗೊಳ್ಳುತ್ತಿರುವ ಔಷಧಿಗಳ ಹೆಸರು, ಇವೆಲ್ಲ ಬೇಕಾಗುತ್ತವೆ. ಸ್ಟಿರಾಯ್ಡ್ ಮಾತ್ರೆಗಳಿಂದ ತೂಕ ಏರುವುದುಂಟು, ಆದರೆ ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಬಿಪಿ ನೋಡುತ್ತಾರೆ. 10 ವರ್ಷ ದಾಟಿ ಬೊಜ್ಜಿನ ಮಟ್ಟದಲ್ಲಿರುವ ಮಕ್ಕಳಿಗೆ ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾರೆ.

ಮಗುವಿನ ಎದುರು ತೂಕದ ಚರ್ಚೆ ಬೇಡ ಅನ್ನಿಸಿದರೆ ಮೊದಲೇ ಹೇಳಿಡಿ. ಮಗುವನ್ನು ಹೊರಗೆ ಕೂರಿಸಿ ಐದು ನಿಮಿಷ ಬೇರೆಯಾಗಿ ಮಾತಾಡಬಹುದು. ಹೊರಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಮುಂದಿನ ಅಳತೆ ಯಾವಾಗ, ಅಷ್ಟರೊಳಗೆ ತೂಕ ಎಷ್ಟು ಏರಿದರೆ ಸರಿ? ಉತ್ತರವನ್ನು ಚಾರ್ಟ್‌ನ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳಿ.